ಕಸ ಕಡಿಮೆ ಮಾಡಿದವರಿಗೂ ಅಷ್ಟೇ ಶುಲ್ಕ, ಸುರಿದವರಿಗೂ ಅಷ್ಟೇ. ಇದರಿಂದ ಮಾಲಿನ್ಯ ಇಳಿಯುತ್ತಾ?

ಬಾಲ್ಕನಿಗೊಬ್ಬರ
ಬೆಂಗಳೂರಿನವರಿಗೆ ಗೊತ್ತಿರುತ್ತದೆ, 2025ರ ಏಪ್ರಿಲ್‌ನಿಂದ ಕಸದ ಶುಲ್ಕ ಆಸ್ತಿ ತೆರಿಗೆಯ ಜೊತೆಗೇ ಬರುತ್ತಿದೆ. ಕಟ್ಟಡ 600 ಚದರಡಿ ಒಳಗಿದ್ದರೆ ತಿಂಗಳಿಗೆ 10 ರೂಪಾಯಿ, 1000ದವರೆಗೆ 50, 2000ದವರೆಗೆ 100, ಹಾಗೇ ಏರುತ್ತಾ 4000 ಚದರಡಿ ದಾಟಿದರೆ 400.

ದುಡ್ಡು ಕಟ್ಟುವುದಕ್ಕೆ ನನಗೆ ಬೇಜಾರಿಲ್ಲ. ಪೌರಕಾರ್ಮಿಕರ ಸಂಬಳ ಎಲ್ಲಿಂದಾದರೂ ಬರಬೇಕಲ್ಲ. ಆದರೆ ನಮ್ಮ ಮನೆಯ ಹಸಿ ಕಸ ಗೇಟು ದಾಟುವುದಿಲ್ಲ. ಬಾಲ್ಕನಿಯಲ್ಲಿ ಮಣ್ಣಿನ ಮಡಕೆ ಇಟ್ಟಿದ್ದೇನೆ. ಒಂದು ಪದರ ತರಕಾರಿ ಸಿಪ್ಪೆ, ಮೇಲೆ ಒಂದು ಪದರ ತೆಂಗಿನ ನಾರಿನ ಪುಡಿ, ಆಗಾಗ ಒಂದಿಷ್ಟು ಹುಳಿ ಮಜ್ಜಿಗೆ. ಎದುರು ಮನೆಯವರು ಊಟ, ಡೈಪರ್, ಬಾಟಲಿ ಎಲ್ಲವನ್ನೂ ಒಂದೇ ಕರಿ ಚೀಲಕ್ಕೆ ತುಂಬಿ ಇಡುತ್ತಾರೆ. ಎರಡೂ ಮನೆ ಹೆಚ್ಚುಕಡಿಮೆ 1200 ಚದರಡಿ. ಇಬ್ಬರಿಗೂ 100 ರೂಪಾಯಿ.

ಮಾಲಿನ್ಯಕ್ಕೆ ತೆರಿಗೆ ಹಾಕಿದರೆ ಮಾಲಿನ್ಯ ಕಡಿಮೆ ಆಗುತ್ತದೆ ಎಂದು ಎಲ್ಲೆಲ್ಲೂ ಓದುತ್ತೇವೆ. ಇದೂ ಅದೇ ಜಾತಿಯ ತೆರಿಗೆಯಾ? ಅಥವಾ ಸುಮ್ನೆ ಇನ್ನೊಂದು ವಸೂಲಿಯಾ?

ರಾಜಾಜಿನಗರ_4
ಮೊದಲು ಕಸದ ಗಾಡಿ ದಿನಾ ಬರಲಿ. ಶುಲ್ಕದ ಮಾತು ಆಮೇಲೆ.

ಕಾಲೇಜು_ಮೇಷ್ಟ್ರು
ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಹೋಗಿದೆ. ಕೇಂಬ್ರಿಜ್‌ನಲ್ಲಿ ಪಿಗೂ ಎಂಬ ಪ್ರೊಫೆಸರ್ ಇದ್ದರು. 1920ರಲ್ಲಿ ಅವರು ಬರೆದದ್ದರ ಸಾರ ಇಷ್ಟೇ: ನಾನು ಮಾಡುವ ಕೆಲಸದ ಖರ್ಚಿನಲ್ಲಿ ಒಂದು ಪಾಲು ಬೇರೆಯವರ ತಲೆ ಮೇಲೆ ಬೀಳುತ್ತಿದ್ದರೆ, ನಾನು ಆ ಕೆಲಸವನ್ನು ಬೇಕಾದ್ದಕ್ಕಿಂತ ಜಾಸ್ತಿ ಮಾಡುತ್ತೇನೆ. ಹೊರಗೆ ಬಿದ್ದ ಆ ಪಾಲನ್ನು ತೆರಿಗೆ ಮಾಡಿ ನನ್ನ ಬಿಲ್ಲಿಗೇ ಸೇರಿಸಿದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ.

ಇದರಲ್ಲಿ ಜೀವ ಇರುವುದು ಒಂದೇ ಕಡೆ. ನಾನು ಇನ್ನೊಂದು ಚೀಲ ಕಸ ಹೊರಗಿಟ್ಟರೆ ನನ್ನ ಬಿಲ್ಲು ಎಷ್ಟು ಏರುತ್ತದೆ? ಒಂದು ಚೀಲ ಕಡಿಮೆ ಇಟ್ಟರೆ ಎಷ್ಟು ಇಳಿಯುತ್ತದೆ? ಚದರಡಿ ಲೆಕ್ಕದಲ್ಲಿ ಎರಡಕ್ಕೂ ಉತ್ತರ ಸೊನ್ನೆ. ಶುಲ್ಕವನ್ನು ದುಪ್ಪಟ್ಟು ಮಾಡಿದರೂ ಸೊನ್ನೆಯೇ. ಹಾಗಾಗಿ ಇದು ಸೇವೆಯ ಖರ್ಚು ತುಂಬುವ ಶುಲ್ಕ, ಅದಕ್ಕೆ ಬೇಕಾದ್ದೇ. ಕಸ ಇಳಿಸುವ ಶಕ್ತಿ ಮಾತ್ರ ಇದಕ್ಕಿಲ್ಲ.

ಜಯನಗರ_ಜಾನಕಿ
ಆದರೆ ದೊಡ್ಡ ಮನೆಯಲ್ಲಿ ಕಸ ಜಾಸ್ತಿ ಅಲ್ವಾ? ಅಳತೆ ತೀರಾ ತಪ್ಪೇನಲ್ಲ.

ಬಾಲ್ಕನಿಗೊಬ್ಬರ
@ಜಯನಗರ_ಜಾನಕಿ ನಮ್ಮ ಬೀದಿಯಲ್ಲೇ ಒಂದು ದೊಡ್ಡ ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದಾರೆ. ಪಕ್ಕದ ಚಿಕ್ಕ ಮನೆಯಲ್ಲಿ ಆರು ಜನ ಬ್ಯಾಚುಲರ್ ಹುಡುಗರು. ದಿನಾ ಹೊರಗಿಂದ ಊಟ ತರಿಸುತ್ತಾರೆ, ದಿನಾ ಡಬ್ಬಿಗಳ ರಾಶಿ.

ಹೆಸರಘಟ್ಟ_ರಸ್ತೆ
ನೀವೆಲ್ಲ ಕಸ ಹುಟ್ಟುವ ಕಡೆಯಿಂದ ಮಾತಾಡುತ್ತಿದ್ದೀರಿ. ಕಸ ಹೋಗಿ ಬೀಳುವ ಕಡೆಯಿಂದ ನಾನು ಹೇಳುತ್ತೇನೆ. ನಮ್ಮ ನೆಂಟರು ಮಾವಳ್ಳಿಪುರದ ಹತ್ತಿರ ಇದ್ದಾರೆ. ಅಲ್ಲಿ ಸುರಿಯುವುದು 2012ರಲ್ಲಿ ನಿಂತಿತು. ಆಮೇಲೆ ಭಾರ ಮಂಡೂರಿನ ಮೇಲೆ ಬಿತ್ತು. ಆ ಊರಿನವರು ರಸ್ತೆಗಿಳಿದು ಗಲಾಟೆ ಮಾಡಿದ ಮೇಲೆ 2014ರ ಕೊನೆಗೆ ಅದೂ ನಿಂತಿತು. ಈಗ ಮಿಟ್ಟಗಾನಹಳ್ಳಿ ಕಡೆ.

ಹಸಿ ಕಸ ಕೊಳೆತು ಇಳಿಯುವ ಕಪ್ಪು ನೀರು ನೋಡಿದ್ದೀರಾ? ಮಳೆ ಬಂದರೆ ಹರಿದು ಕೆರೆಗೆ ಸೇರುತ್ತದೆ. ತಟ್ಟೆಗೆ ಅನ್ನ ಹಾಕಿಕೊಂಡರೆ ನೊಣ ಮುತ್ತುತ್ತವೆ. ಆ ಮನೆಗೆ ಹೆಣ್ಣು ಕೊಡುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು. ಈ ಖರ್ಚನ್ನು ಯಾರ ಬಿಲ್ಲಿಗೆ ಹಾಕುತ್ತೀರಿ ಮೇಷ್ಟ್ರೇ?

ಕಾಲೇಜು_ಮೇಷ್ಟ್ರು
@ಹೆಸರಘಟ್ಟ_ರಸ್ತೆ ಪಿಗೂ ಹೇಳಿದ ಹೊರಗಿನ ಖರ್ಚು ಎಂದರೆ ಇದೇ ಸರ್. ನೀವು ಹೇಳಿದಷ್ಟು ಚೆನ್ನಾಗಿ ನನ್ನ ಕ್ಲಾಸಿನಲ್ಲೂ ಯಾರೂ ಹೇಳಿಲ್ಲ. ಕಸ ಹಾಕಿದವರ ಬಿಲ್ಲಿಗೇ ಬರಬೇಕು. ಚೀಲದ ಲೆಕ್ಕದಲ್ಲಿ ಬರಬೇಕು.

ಸೋಲ್_ಕನ್ನಡತಿ
ದಕ್ಷಿಣ ಕೊರಿಯಾದಲ್ಲಿ ಚೀಲದ ಲೆಕ್ಕ 1995ರಿಂದಲೇ ಇದೆ. ಸರ್ಕಾರದ ಗುರುತಿರುವ ಚೀಲವನ್ನೇ ಅಂಗಡಿಯಲ್ಲಿ ಕೊಳ್ಳಬೇಕು. ಚೀಲದ ಬೆಲೆಯಲ್ಲೇ ಶುಲ್ಕ ಸೇರಿರುತ್ತದೆ. ದೊಡ್ಡ ಚೀಲಕ್ಕೆ ಜಾಸ್ತಿ. ಮರುಬಳಕೆಗೆ ಹೋಗುವ ಕಾಗದ, ಗಾಜು, ಪ್ಲಾಸ್ಟಿಕ್ ಬೇರೆ ಮಾಡಿ ಕೊಟ್ಟರೆ ಅದಕ್ಕೆ ಚೀಲ ಬೇಡ. ಹಸಿ ಕಸವನ್ನು ಭೂಮಿಗೆ ಸುರಿಯುವುದನ್ನು 2005ರಲ್ಲಿ ನಿಲ್ಲಿಸಿದರು. 2013ರಿಂದ ಅದಕ್ಕೂ ತೂಕದ ಲೆಕ್ಕ ಬಂತು.

ನಮ್ಮ ಅಪಾರ್ಟ್‌ಮೆಂಟ್‌ನ ಕೆಳಗೆ ಒಂದು ಯಂತ್ರ ಇದೆ. ಕಾರ್ಡ್ ತೋರಿಸಿದರೆ ಮುಚ್ಚಳ ತೆರೆಯುತ್ತದೆ. ಹಸಿ ಕಸ ಹಾಕಿದರೆ ಎಷ್ಟು ತೂಕ ಎಂದು ಪರದೆಯ ಮೇಲೆ ಬರುತ್ತದೆ. ತಿಂಗಳ ಕೊನೆಗೆ ಮೇಂಟೆನೆನ್ಸ್ ಬಿಲ್ಲಿನಲ್ಲಿ ಸೇರುತ್ತದೆ. ಮೊತ್ತ ದೊಡ್ಡದೇನಲ್ಲ. ಆದರೂ ಇಲ್ಲಿನ ಹೆಂಗಸರು ಪಾತ್ರೆಯ ತಳದ ಸಾರನ್ನು ಬಸಿದು, ಸಿಪ್ಪೆಯನ್ನು ಜಾಲರಿಯಲ್ಲಿ ಹಿಂಡಿ, ನೀರು ಇಳಿಸಿಯೇ ತರುತ್ತಾರೆ. ನೀರೂ ತೂಗುತ್ತದಲ್ಲ. ನಾನೂ ಈಗ ಹಾಗೇ ಮಾಡುತ್ತೇನೆ.

ಪೀಣ್ಯ_ಪ್ರಸನ್ನ
ಕೊರಿಯಾ ಕಥೆ ಚೆನ್ನಾಗಿದೆ ಮೇಡಂ. ಆದರೆ ಬೆಂಗಳೂರಿನಲ್ಲಿ ಕೆಜಿಗೆ ಇಷ್ಟು ಎಂದು ಇವತ್ತು ಹೇಳಿ, ನಾಳೆ ಬೆಳಿಗ್ಗೆ ಖಾಲಿ ಸೈಟು, ರಾಜಕಾಲುವೆ, ಫ್ಲೈಓವರ್ ಕೆಳಗೆ ಎಲ್ಲಾ ಕಡೆ ಚೀಲಗಳು ಬಿದ್ದಿರುತ್ತವೆ. ಈಗ ಎಷ್ಟು ಚೀಲ ಇಟ್ಟರೂ ಹೆಚ್ಚಿಗೆ ದುಡ್ಡಿಲ್ಲ, ಆದರೂ ಬ್ಲಾಕ್ ಸ್ಪಾಟ್, ಅಂದರೆ ಜನ ಕದ್ದು ಕಸ ಸುರಿಯುವ ಜಾಗ, ಅಳಿಸಲು ಆಗಿಲ್ಲ. ಸ್ಕೂಟರಿನಲ್ಲಿ ಹೋಗುತ್ತಾ ಕಾಲಿನಿಂದ ಚೀಲ ತಳ್ಳಿ ಹೋಗುವವರನ್ನು ನಾನೇ ನೋಡಿದ್ದೇನೆ. ತೆರಿಗೆ ತಪ್ಪಿಸುವ ದಾರಿ ಸುಲಭ ಇದ್ದರೆ ತೆರಿಗೆಯಿಂದ ಮಾಲಿನ್ಯ ಜಾಸ್ತಿಯೇ ಆಗುತ್ತದೆ.

ರಾಜಾಜಿನಗರ_4
ಇದು ನಿಜ. ನೂರಕ್ಕೆ ನೂರು.

ಗೂಡಲೂರು_ಗಡಿ
@ಪೀಣ್ಯ_ಪ್ರಸನ್ನ ನಿಮ್ಮ ಮಾತಿಗೆ ನಮ್ಮ ಬೆಟ್ಟದಲ್ಲಿ ಒಂದು ಉತ್ತರ ಇದೆ. ನೀಲಗಿರಿಯಲ್ಲಿ ಸರ್ಕಾರಿ ಮದ್ಯದಂಗಡಿಯ ಬಾಟಲಿಗೆ 2022ರಿಂದ 10 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ. ಖಾಲಿ ಬಾಟಲಿ ವಾಪಸ್ ತಂದರೆ ಆ 10 ರೂಪಾಯಿ ವಾಪಸ್. ಮದ್ರಾಸ್ ಹೈಕೋರ್ಟ್ ಹೇಳಿ ಮಾಡಿಸಿದ್ದು. ಕಾಡಿನಲ್ಲಿ ಕುಡಿದು ಒಡೆದ ಗಾಜು ಆನೆಗಳ ಕಾಲಿಗೆ ಚುಚ್ಚುತ್ತಿತ್ತು, ಆನೆಯ ಅಂಗಾಲು ಮೆತ್ತಗಿರುತ್ತದೆ. ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಬರುವ ಪ್ರವಾಸಿಗರು ಎಸೆದು ಹೋದರೂ ಈಗ ಯಾರಾದರೂ ಹೆಕ್ಕಿ ತಂದು ಕೊಡುತ್ತಾರೆ. ಎಸೆದವನಿಗೆ 10 ನಷ್ಟ, ಹೆಕ್ಕಿದವನಿಗೆ 10 ಲಾಭ. ಪೊಲೀಸ್ ಕಾವಲು ಬೇಕಾಗಿಲ್ಲ.

ಕಾಲೇಜು_ಮೇಷ್ಟ್ರು
ಎಷ್ಟು ಒಳ್ಳೆಯ ಉದಾಹರಣೆ! ಎಸೆಯುವಾಗ ಹಿಡಿಯುವುದು ಕಷ್ಟ, ಕೊಳ್ಳುವಾಗ ಹಿಡಿಯುವುದು ಸುಲಭ. ಹಾಗಾಗಿ ತೆರಿಗೆಯನ್ನು ಮೊದಲೇ ವಸೂಲಿ ಮಾಡಿ, ಸರಿಯಾಗಿ ನಡೆದುಕೊಂಡವರಿಗೆ ವಾಪಸ್ ಕೊಡುವುದು. ಕದ್ದು ಎಸೆಯುವ ಸಮಸ್ಯೆ ಇರುವ ಯಾವ ವಸ್ತುವಿಗೂ ಇದನ್ನು ಯೋಚಿಸಬಹುದು.

ಲಾರಿ_ಗಣೇಶ
ನಿಮ್ಮ ಪಾಠಕ್ಕೆ ನಡುವೆ ಬರುತ್ತಿದ್ದೇನೆ. ಮಾಲಿನ್ಯ ತೆರಿಗೆ ಎಂದರೆ ಮೊದಲು ನೆನಪಾಗುವುದು ಲಾರಿ. ದೆಹಲಿಗೆ ಲೋಡ್ ಹೋದರೆ ಪರಿಸರ ಪರಿಹಾರ ಶುಲ್ಕ. 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸಣ್ಣ ಗಾಡಿಗೆ 700, ಮೂರು ಆ್ಯಕ್ಸಲ್ ಮತ್ತು ಅದಕ್ಕೆ ಮೇಲ್ಪಟ್ಟ ಗಾಡಿಗೆ 1300. ಎರಡು ತಿಂಗಳಲ್ಲಿ ಅದನ್ನೂ ದುಪ್ಪಟ್ಟು ಮಾಡಿದರು. ಆ್ಯಕ್ಸಲ್ ಎಣಿಸುತ್ತಾರೆ, ಹೊಗೆ ಅಳೆಯುವುದಿಲ್ಲ. ಹೊಸ ಗಾಡಿಗೆ ಸಾಲ ಮಾಡಿ, ಎಂಜಿನ್ ಚೆನ್ನಾಗಿ ಇಟ್ಟುಕೊಂಡವನಿಗೂ ಅದೇ ರೇಟು.

ಇಲ್ಲಿ ಡೀಸೆಲ್ ಮೇಲೆ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ 14.34ರಿಂದ 18.4 ಪರ್ಸೆಂಟ್ ಆಯಿತು. 2025ರ ಏಪ್ರಿಲ್‌ನಲ್ಲಿ 21.17. ಬಾಡಿಗೆ ಮಾತ್ರ ಏರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಿದೆ ನಮ್ಮ ಪಾಡು.

ಪೀಣ್ಯ_ಪ್ರಸನ್ನ
ಗಣೇಶಣ್ಣ, ಡೀಸೆಲ್ ತೆರಿಗೆಯಾದರೂ ಸರಿ ಇದೆಯಲ್ಲ? ಜಾಸ್ತಿ ಸುಟ್ಟವನು ಜಾಸ್ತಿ ಕಟ್ಟುತ್ತಾನೆ. ಆ್ಯಕ್ಸಲ್ ಎಣಿಸುವುದಕ್ಕಿಂತ ಎಷ್ಟೋ ವಾಸಿ.

ಲಾರಿ_ಗಣೇಶ
ಸುಟ್ಟವನು ಕಟ್ಟುತ್ತಾನೆ, ಒಪ್ಪಿದೆ. ಆದರೆ ನನಗೆ ಬದಲಿ ಏನಿದೆ? ರೈಲಿನಲ್ಲಿ ಟೊಮೇಟೊ ಕಳಿಸಲಾ? ಕಾರಿನವನು ಬಸ್ಸು ಹತ್ತಬಹುದು. ನಾನು ಏನು ಹತ್ತಲಿ?

ಮೈಸೂರು_ಮಂಜು
ನನ್ನ ಹಳೇ ಬೈಕಿನ ಆರ್‌ಸಿ ನವೀಕರಿಸಿದಾಗ ಹಸಿರು ತೆರಿಗೆ 250 ರೂಪಾಯಿ ಕಟ್ಟಿದೆ, ಐದು ವರ್ಷಕ್ಕೆ. ಅಂದರೆ ವರ್ಷಕ್ಕೆ 50. ಆ ಬೈಕನ್ನು ಭಾನುವಾರ ಮಾರ್ಕೆಟ್ಟಿಗೆ ಮಾತ್ರ ತೆಗೆಯುತ್ತೇನೆ. ಅದೇ ವಯಸ್ಸಿನ ಬೈಕಿನಲ್ಲಿ ದಿನವಿಡೀ ಡೆಲಿವರಿ ಮಾಡುವವನಿಗೂ ವರ್ಷಕ್ಕೆ 50. ಮೇಷ್ಟ್ರ ಲೆಕ್ಕದಲ್ಲಿ ಇದೂ ಸೊನ್ನೆಯ ಜಾತಿಯೇ ಅಲ್ವಾ?

ಕಾಲೇಜು_ಮೇಷ್ಟ್ರು
@ಮೈಸೂರು_ಮಂಜು ಅದೇ ಜಾತಿ. ಹಳೇ ಗಾಡಿ ಇಟ್ಟುಕೊಳ್ಳಬೇಕಾ ಬೇಡವಾ ಎಂಬ ತೀರ್ಮಾನಕ್ಕೆ ಸ್ವಲ್ಪ ತಾಗುತ್ತದೆ. ಎಷ್ಟು ಓಡಿಸಬೇಕು ಎಂಬುದಕ್ಕೆ ತಾಗುವುದೇ ಇಲ್ಲ.

ಸ್ಟಾಕ್‌ಹೋಮ್_ಶಂಕರ
ಟ್ರಾಫಿಕ್ ವಿಷಯಕ್ಕೆ ಬಂದಿರಿ, ಹಾಗಾಗಿ ಬರೆಯುತ್ತಿದ್ದೇನೆ. ಪೆಟ್ರೋಲ್ ತೆರಿಗೆಗೆ ಒಂದು ಮಿತಿ ಇದೆ. ರಾತ್ರಿ ಹನ್ನೊಂದಕ್ಕೆ ಖಾಲಿ ರಸ್ತೆಯಲ್ಲಿ ಹೋದರೂ ಅಷ್ಟೇ ತೆರಿಗೆ, ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರ ದಾರಿಗೆ ಅಡ್ಡ ನಿಂತರೂ ಲೀಟರಿಗೆ ಅಷ್ಟೇ. ಅದಕ್ಕೇ ಇಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ, ಗಂಟೆಯ ಲೆಕ್ಕ ಮಾಡಿದರು.

2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ. ನಗರದ ಸುತ್ತ ಗೆರೆ ಎಳೆದು, ದಾಟುವ ಕಾರಿನ ನಂಬರ್ ಪ್ಲೇಟನ್ನು ಕ್ಯಾಮೆರಾ ಓದುತ್ತಿತ್ತು. ಹೊತ್ತು ನೋಡಿ 10, 15 ಅಥವಾ 20 ಕ್ರೋನ. ರಾತ್ರಿ, ಶನಿವಾರ, ಭಾನುವಾರ ಪುಕ್ಕಟೆ. ಗೆರೆ ದಾಟುವ ಗಾಡಿಗಳು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ ಆದವು. ಐದರಲ್ಲಿ ಒಂದು ಹೋದರೆ ಸಾಲು ಎಷ್ಟು ಕರಗುತ್ತದೆ ಎಂದು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರಿಗೆ ಹೇಳಬೇಕಾಗಿಲ್ಲ, ಶಾಲೆಗೆ ರಜೆ ಇದ್ದ ದಿನ ನೀವೇ ನೋಡಿರುತ್ತೀರಿ.

ಶುರುವಿಗೆ ಮುಂಚೆ ಹೆಚ್ಚಿನ ಜನ ವಿರೋಧ ಇದ್ದರು. ಪ್ರಯೋಗ ನಿಂತ ಕೂಡಲೇ ಹೆಚ್ಚಿನ ಗಾಡಿಗಳು ವಾಪಸ್ ಬಂದವು. ಆ ಸೆಪ್ಟೆಂಬರಿನ ಜನಮತದಲ್ಲಿ ನಗರದವರು ಸ್ವಲ್ಪ ಅಂತರದಲ್ಲಿ ಒಪ್ಪಿದರು. 2007ರ ಆಗಸ್ಟ್‌ನಿಂದ ಕಾಯಂ. ಇನ್ನೊಂದು ಮುಖ್ಯ ವಿಷಯ: ಶುಲ್ಕ ಬರುವ ಮೊದಲೇ ಸುಮಾರು 200 ಹೊಸ ಬಸ್ಸು ಬಿಟ್ಟಿದ್ದರು.

ಔಟರ್‌ರಿಂಗ್_ಓಂಕಾರ
ಅದೇ ನೋಡಿ. ಅಲ್ಲಿ ಮೊದಲು ಬಸ್ಸು, ಆಮೇಲೆ ಶುಲ್ಕ. 2025ರಲ್ಲಿ ಇಲ್ಲೂ ಒಬ್ಬರೇ ಕೂತ ಕಾರಿಗೆ ಔಟರ್ ರಿಂಗ್ ರೋಡಿನಲ್ಲಿ ಶುಲ್ಕ ಎಂಬ ಸುದ್ದಿ ಎದ್ದಿತ್ತು. ಅದೇ ವರ್ಷ ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿಸಿ ಗರಿಷ್ಠ 60 ಇದ್ದದ್ದನ್ನು 90 ಮಾಡಿದರು. ಮೆಟ್ರೋ ಹತ್ತಿದವನು ರಸ್ತೆಯಲ್ಲಿ ಉಳಿದವರಿಗೆಲ್ಲ ಜಾಗ ಬಿಟ್ಟುಕೊಡುತ್ತಾನೆ. ಅವನಿಗೆ ದರ ಏರಿಸಿದರೆ ಅವನು ಸ್ಕೂಟರ್ ತೆಗೆಯುತ್ತಾನೆ. ಇದು ಪಿಗೂ ಹೇಳಿದ ತೆರಿಗೆಯ ಪೂರಾ ಉಲ್ಟಾ ಕೆಲಸ. ನನಗೆ ಇದು ನಿಜಕ್ಕೂ ಸಿಟ್ಟು ತರಿಸುತ್ತದೆ.

ಜಯನಗರ_ಜಾನಕಿ
ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆ ಕೆಲಸದವರು ಆಟೋ ಬಿಟ್ಟು ಬಸ್ಸಿಗೆ ಬರುತ್ತಾರೆ. ಬಸ್ಸು ಪುಕ್ಕಟೆ ಮಾಡಿದ್ದೂ ಒಂದು ಥರ ಇದೇ ಲೆಕ್ಕ ಅಲ್ವಾ?

ಔಟರ್‌ರಿಂಗ್_ಓಂಕಾರ
ಬಸ್ಸಿನಲ್ಲಿ ನಿಲ್ಲಲು ಜಾಗ ಇದ್ದರೆ ಹೌದು ಮೇಡಂ. ಬಸ್ಸಿನ ಸಂಖ್ಯೆಯೂ ಏರಬೇಕು.

ದುಡಿಮೆ_ದೇವರು
ನನಗೆ ಇಡೀ ವಾದವೇ ಒಪ್ಪಿಗೆ ಇಲ್ಲ. ದುಡ್ಡಿದ್ದವನೇ ದೊಡ್ಡಪ್ಪ ಎಂಬ ವ್ಯವಸ್ಥೆ ಇದು. ಕೋಟಿ ಕಾರಿನವನಿಗೆ ದಿನಕ್ಕೆ 200 ರೂಪಾಯಿ ಲೆಕ್ಕಕ್ಕೇ ಇಲ್ಲ, ಅವನು ಕಟ್ಟಿ ಆರಾಮಾಗಿ ಹೋಗುತ್ತಾನೆ. ಹಳೇ ಮಾರುತಿಯಲ್ಲಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವವನು ಒದ್ದಾಡುತ್ತಾನೆ. ತಪ್ಪಾದ ಕೆಲಸ ತಪ್ಪೇ, ದುಡ್ಡು ಕೊಟ್ಟರೆ ಅದು ಸರಿ ಆಗಬಾರದು. ನಿಷೇಧ ಮಾಡಿ, ಎಲ್ಲರಿಗೂ ಒಂದೇ ನಿಯಮ.

ಮೈಸೂರು_ಮಂಜು
ನಿಷೇಧ ಮಾಡಿ ನೋಡಿದ್ದೇವಲ್ಲ. ಪ್ಲಾಸ್ಟಿಕ್ ಚೀಲ ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ನಿಷೇಧ. ದೇವರಾಜ ಮಾರ್ಕೆಟ್ಟಿಗೆ ಹೋಗಿ ನೋಡಿ, ಹೂವಿನವರು ಯಾವುದರಲ್ಲಿ ಕಟ್ಟಿ ಕೊಡುತ್ತಾರೆ?

ಡಬ್ಲಿನ್_ದೀಪಾ
ಐರ್ಲೆಂಡ್‌ನಲ್ಲಿ ನಿಷೇಧ ಮಾಡಲಿಲ್ಲ. 2002ರ ಮಾರ್ಚ್‌ನಿಂದ ಅಂಗಡಿಯ ಚೀಲಕ್ಕೆ 15 ಸೆಂಟ್, ಅದೂ ಗ್ರಾಹಕರ ರಸೀದಿಯಲ್ಲಿ ಬೇರೆಯಾಗಿ ಕಾಣಬೇಕು. ತಲೆಗೆ ವರ್ಷಕ್ಕೆ 328 ಚೀಲ ಬಳಸುತ್ತಿದ್ದವರು 21ಕ್ಕೆ ಇಳಿದರು. ಮತ್ತೆ ನಿಧಾನಕ್ಕೆ ಏರಿತು ಎಂದು 2007ರಲ್ಲಿ 22 ಸೆಂಟ್ ಮಾಡಿದರು. ಹಾಕಿದ ತೆರಿಗೆಯನ್ನು ಹಾಗೇ ಬಿಡಬಾರದು, ಬೆಲೆಗಳು ಏರಿದಾಗ ಅದೂ ಏರಬೇಕು. ನಾನು ಇಲ್ಲಿಗೆ ಬಂದಾಗಿನಿಂದ ಬ್ಯಾಗಿನಲ್ಲಿ ಬಟ್ಟೆ ಚೀಲ ಮಡಿಸಿಟ್ಟುಕೊಂಡೇ ಹೊರಡುತ್ತೇನೆ.

ಟೊರಾಂಟೊ_ತೇಜಸ್
@ದುಡಿಮೆ_ದೇವರು ಬಡವರ ಮಾತಿಗೆ ಕೆನಡಾದಲ್ಲಿ ಉತ್ತರ ಹುಡುಕಿದ್ದರು. ಇಂಧನದ ಮೇಲೆ ಕಾರ್ಬನ್ ಶುಲ್ಕ, 2024ರಲ್ಲಿ ಅದನ್ನು ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್‌ನ ಟನ್ನಿಗೆ 80 ಡಾಲರ್. ಪೆಟ್ರೋಲ್ ಲೀಟರಿಗೆ ಸುಮಾರು 18 ಸೆಂಟ್ ಬೀಳುತ್ತಿತ್ತು. ವಸೂಲಾದ ದುಡ್ಡಿನ ಹೆಚ್ಚಿನ ಪಾಲನ್ನು ಮೂರು ತಿಂಗಳಿಗೊಮ್ಮೆ ಮನೆಗಳ ಖಾತೆಗೇ ಹಾಕುತ್ತಿದ್ದರು. ಎಷ್ಟು ಸುಟ್ಟಿರಿ ಎಂದು ನೋಡುತ್ತಿರಲಿಲ್ಲ, ಮುಖ್ಯವಾಗಿ ಮನೆಯಲ್ಲಿ ಎಷ್ಟು ಜನ ಎಂದು ನೋಡುತ್ತಿದ್ದರು. ಹಾಗಾಗಿ ಕಡಿಮೆ ಸುಡುವವರು ಕಟ್ಟಿದ್ದಕ್ಕಿಂತ ಜಾಸ್ತಿ ವಾಪಸ್ ಪಡೆಯುತ್ತಿದ್ದರು.

ಆದರೂ ಉಳಿಯಲಿಲ್ಲ. ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಶುಲ್ಕ ಕಣ್ಣಿಗೆ ಬೀಳುತ್ತಿತ್ತು, ಖಾತೆಗೆ ಬಂದ ದುಡ್ಡು ಯಾವುದೋ ಎಂದು ಮರೆತುಹೋಗುತ್ತಿತ್ತು. ನನ್ನ ಆಫೀಸಿನಲ್ಲೇ ‘ನನಗೆ ಏನೂ ಬರುವುದಿಲ್ಲ’ ಎಂದು ವಾದ ಮಾಡಿದವರಿದ್ದರು, ಅವರ ಬ್ಯಾಂಕ್ ವಿವರದಲ್ಲಿ ಅದು ಇತ್ತು. 2025ರ ಏಪ್ರಿಲ್ 1ರಿಂದ ಜನಸಾಮಾನ್ಯರ ಮೇಲಿನ ಶುಲ್ಕ ತೆಗೆದುಹಾಕಿದರು. ನನಗೆ ಇವತ್ತಿಗೂ ಬೇಸರ ಇದೆ.

ರಾಯಚೂರು_ಬಿಸಿಲು
ಕಾರ್ಬನ್ ಬಂತಲ್ಲ, ನಮ್ಮದೂ ಕೇಳಿ. ಶಕ್ತಿನಗರದ ಉಷ್ಣ ಸ್ಥಾವರ 1720 ಮೆಗಾವ್ಯಾಟ್. ಕರೆಂಟು ಬೆಂಗಳೂರಿಗೂ ಹೋಗುತ್ತದೆ, ಹಾರುಬೂದಿ ಇಲ್ಲೇ ಉಳಿಯುತ್ತದೆ. ತಾರಸಿಯಲ್ಲಿ ಒಣಗಿಸಿದ ಹಪ್ಪಳದ ಮೇಲೆ ಬೂದಿ ಕೂರುತ್ತದೆ, ಕೈಯಲ್ಲಿ ಒರೆಸಿದರೆ ನುಣ್ಣಗೆ ಸಿಮೆಂಟಿನ ಹಾಗೆ.

ಕಲ್ಲಿದ್ದಲಿಗೆ ದೇಶದಲ್ಲಿ 2010ರಲ್ಲೇ ಸೆಸ್ ಹಾಕಿದ್ದರು. ಟನ್ನಿಗೆ 50 ರೂಪಾಯಿ. 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400. ಆ ದುಡ್ಡು ಸೌರಶಕ್ತಿಯಂಥ ಕೆಲಸಕ್ಕೆ ಎಂದು ನಿಧಿ ಮಾಡಿದರು, ದೊಡ್ಡ ಪಾಲು ಅದಕ್ಕೆ ಖರ್ಚಾಗಲೇ ಇಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಅದೇ 400 ರಾಜ್ಯಗಳ ನಷ್ಟ ತುಂಬುವ ಸೆಸ್ ಆಯಿತು. ನಮ್ಮ ಬೂದಿಗೆ ಒಂದು ಪೈಸೆ ಬಂದದ್ದು ಕಾಣೆ. ಬಳಸಿದವರೊಬ್ಬರು, ಉಸಿರಾಡುವವರು ನಾವು, ದುಡ್ಡು ಹೋಗಿದ್ದು ಇನ್ನೆಲ್ಲಿಗೋ.

ಜಿಎಸ್‌ಟಿ_ಜಗದೀಶ
@ರಾಯಚೂರು_ಬಿಸಿಲು ಅದರ ಮುಂದಿನ ಕಥೆಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಆ 400ರ ಸೆಸ್ ಹೋಯಿತು, ಕಲ್ಲಿದ್ದಲಿನ ಜಿಎಸ್‌ಟಿ 5ರಿಂದ 18 ಪರ್ಸೆಂಟ್ ಆಯಿತು. ಬರಿ ದರ ಬದಲಾಯಿತು ಎಂದುಕೊಳ್ಳಬೇಡಿ, ಅಳತೆಗೋಲೇ ಬದಲಾಯಿತು. ಮೊದಲು ತೂಕಕ್ಕೆ, ಈಗ ಬೆಲೆಗೆ.

ಟನ್ನಿಗೆ 1000 ರೂಪಾಯಿಯ ಕಳಪೆ ಕಲ್ಲಿದ್ದಲು ತೆಗೆದುಕೊಳ್ಳಿ. ಮೊದಲು 50 ಪ್ಲಸ್ 400, ಒಟ್ಟು 450 ತೆರಿಗೆ. ಈಗ 180. ಟನ್ನಿಗೆ 5000 ರೂಪಾಯಿಯ ಒಳ್ಳೆಯ ಕಲ್ಲಿದ್ದಲಿಗೆ ಮೊದಲು 650, ಈಗ 900. ಬೂದಿ ಜಾಸ್ತಿ ಇರುವ ಅಗ್ಗದ ಮಾಲಿಗೆ ತೆರಿಗೆ ಇಳಿಯಿತು, ಬೂದಿ ಕಡಿಮೆ ಇರುವುದಕ್ಕೆ ಏರಿತು.

ಇನ್ನೂ ಒಂದು. ಸಿಮೆಂಟ್, ಉಕ್ಕಿನ ಕಾರ್ಖಾನೆಯವರು ಕಟ್ಟಿದ ಜಿಎಸ್‌ಟಿಯನ್ನು ತಮ್ಮ ಮಾಲಿನ ತೆರಿಗೆಯಲ್ಲಿ ಕ್ರೆಡಿಟ್ ತೆಗೆದುಕೊಳ್ಳುತ್ತಾರೆ, ಅಂದರೆ ಅಷ್ಟನ್ನು ಕಳೆದು ಉಳಿದದ್ದನ್ನು ಮಾತ್ರ ಕಟ್ಟುತ್ತಾರೆ. ಹಳೇ ಸೆಸ್‌ಗೆ ಅವರಿಗೆ ಹಾಗೆ ಮಾಡಲು ಆಗುತ್ತಿರಲಿಲ್ಲ, ಅದು ಖರ್ಚಾಗಿ ಉಳಿಯುತ್ತಿತ್ತು. ಅಂದರೆ ಅವರ ಪಾಲಿಗೆ ಕಲ್ಲಿದ್ದಲಿನ ಮೇಲಿದ್ದ ಭಾರ ಈಗ ಹೆಚ್ಚುಕಡಿಮೆ ಇಲ್ಲ. ವಿದ್ಯುತ್ ಜಿಎಸ್‌ಟಿಯಿಂದ ಹೊರಗಿದೆ, ಹಾಗಾಗಿ ವಿದ್ಯುತ್ ಸ್ಥಾವರಕ್ಕೆ ಮಾತ್ರ ತೆರಿಗೆ ಖರ್ಚಾಗಿ ನಿಲ್ಲುತ್ತದೆ.

ಕಾಲೇಜು_ಮೇಷ್ಟ್ರು
ಜಗದೀಶ್ ಅವರೇ, ಇದನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳುತ್ತೇನೆ, ಅಪ್ಪಣೆ ಕೊಡಿ. ತೆರಿಗೆಯ ಮೊತ್ತ ಏರಿತಾ ಇಳಿಯಿತಾ ಎಂದು ಪತ್ರಿಕೆಗಳು ಬರೆಯುತ್ತವೆ. ಯಾವುದನ್ನು ಅಳೆದು ತೆರಿಗೆ ಹಾಕುತ್ತಾರೆ ಎಂದು ಬರೆಯುವವರು ಕಡಿಮೆ.

ಸಂಡೂರು_ಗಾಳಿ
ದುಡ್ಡು ಎಲ್ಲಿ ಹೋಯಿತು ಎಂಬುದಕ್ಕೆ ನಮ್ಮೂರಿಗಿಂತ ದೊಡ್ಡ ಉದಾಹರಣೆ ಬೇಡ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿತು. ಆಮೇಲೆ ಅದಿರು ಹರಾಜು ಹಾಕಿ ಬಂದ ಹಣದಲ್ಲಿ ಪಾಲು ತೆಗೆದು ಗಣಿ ಪ್ರದೇಶದ ಪುನಶ್ಚೇತನಕ್ಕೆ ಎಂದು ಕೂಡಿಟ್ಟರು. ಸಾವಿರಾರು ಕೋಟಿ ಸೇರಿತು. ಖರ್ಚಿನ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಸಿಕ್ಕಿದ್ದೇ 2022ರಲ್ಲಿ. ಆ ಹೊತ್ತಿಗೆ ಇಲ್ಲಿ ಒಂದು ಪೀಳಿಗೆ ಮಕ್ಕಳು ಕೆಂಪು ಧೂಳಿನಲ್ಲೇ ಪ್ರೈಮರಿ ಮುಗಿಸಿ ಹೈಸ್ಕೂಲಿಗೆ ಹೋದರು. ಜೋಳದ ಎಲೆ ಕೆಂಪು, ಎಮ್ಮೆ ಮೇವು ಮುಟ್ಟುವುದಿಲ್ಲ, ನೀರಲ್ಲಿ ಜಾಲಾಡಿಸಿ ಹಾಕಬೇಕು.

ನೀವು ಹೇಳುವ ತೆರಿಗೆ ಕಟ್ಟಿ ಅವರು ಇನ್ನೂ ಅಗೆದರೆ? ಬೆಟ್ಟಕ್ಕೆ ಬೆಲೆ ಕಟ್ಟುವುದು ಹೇಗೆ?

ಕಾಲೇಜು_ಮೇಷ್ಟ್ರು
@ಸಂಡೂರು_ಗಾಳಿ ಕಟ್ಟಲಾಗದು. ಹೋದರೆ ಮತ್ತೆ ಬಾರದ ವಸ್ತುವಿಗೆ ತೆರಿಗೆಗಿಂತ ಮಿತಿಯೇ ಸರಿ. ಬಳ್ಳಾರಿಗೆ ವರ್ಷಕ್ಕೆ 25 ದಶಲಕ್ಷ ಟನ್ ಎಂದು ಕೋರ್ಟ್ ಮಿತಿ ಹಾಕಿದ್ದು ಅದೇ ಕಾರಣಕ್ಕೆ. ಆಮೇಲೆ ಅದನ್ನು ಏರಿಸುತ್ತಾ ಬಂದಿದ್ದಾರೆ, ಅದು ನನಗೂ ಸರಿ ಕಾಣುವುದಿಲ್ಲ. ಮಿತಿ ಮತ್ತು ಬೆಲೆ ಎರಡನ್ನೂ ಸೇರಿಸಬಹುದು. ಸೂರತ್‌ನಲ್ಲಿ 2019ರಿಂದ ಕಾರ್ಖಾನೆಗಳ ಚಿಮಣಿ ಧೂಳಿಗೆ ಒಟ್ಟು ಮಿತಿ ಹಾಕಿ, ಅದರೊಳಗೆ ಪರವಾನಗಿ ಕೊಳ್ಳುವ ಮಾರುವ ವ್ಯವಸ್ಥೆ ಮಾಡಿದರು. ಧೂಳು 20ರಿಂದ 30 ಪರ್ಸೆಂಟ್ ಇಳಿಯಿತು. ಅಲ್ಲಿ ಪ್ರತಿ ಚಿಮಣಿಗೆ ಅಳೆಯುವ ಯಂತ್ರ ಇತ್ತು, ಅದಿಲ್ಲದಿದ್ದರೆ ಏನೂ ನಡೆಯುತ್ತಿರಲಿಲ್ಲ.

ದುಡಿಮೆ_ದೇವರು
ಹಾಗಾದರೆ ನೀವೂ ಮಿತಿಗೆ ಬಂದಿರಿ. ನಾನು ಹೇಳಿದ್ದೂ ಅದನ್ನೇ.

ಕಾಲೇಜು_ಮೇಷ್ಟ್ರು
ಬೆಟ್ಟಕ್ಕೆ ಮಿತಿ ಸರಿ, ಚೀಲಕ್ಕೆ ಬೆಲೆ ಸರಿ. ಎರಡಕ್ಕೂ ಒಂದೇ ಮದ್ದು ಎಂದು ನಾನು ಹೇಳಿಲ್ಲ.

ಬೆಂಗಳೂರು_ಬಿಲ್
ಕಾರು, ಲಾರಿ, ಕಸ ಎಲ್ಲಾ ಆಯಿತು. ಅಂತರ್ಜಲ? 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ. ಪಕ್ಕದವನ ಬೋರ್‌ವೆಲ್ ಒಣಗಿಸಲು ಸರ್ಕಾರವೇ ದುಡ್ಡು ಕೊಟ್ಟ ಹಾಗೆ. ಮೀಟರ್ ಹಾಕಿ ಬಿಲ್ ಮಾಡಿ.

ಕೋಲಾರ_ಟೊಮೇಟೊ
@ಬೆಂಗಳೂರು_ಬಿಲ್ ಬನ್ನಿ ಸರ್ ನಮ್ಮ ತೋಟಕ್ಕೆ. ಸಾವಿರ ಅಡಿ ಕೊರೆಸಿದರೂ ನೀರಿಲ್ಲ, ಸಾಲ ಮಾತ್ರ ಇದೆ. ಡ್ರಿಪ್ ಹಾಕಿದ್ದೇನೆ, ಮಲ್ಚಿಂಗ್ ಹಾಕಿದ್ದೇನೆ. ಕರೆಂಟು ಬರುವುದೇ ಸರಿರಾತ್ರಿ, ಕೆಲವೇ ಗಂಟೆ. ಟೊಮೇಟೊ ಕೆಜಿಗೆ 4 ರೂಪಾಯಿ ಆದ ದಿನ ರಸ್ತೆಗೆ ಸುರಿದು ಬಂದಾಗ ನಿಮ್ಮ ಅರ್ಥಶಾಸ್ತ್ರ ಎಲ್ಲಿತ್ತು? ಬಿಲ್ ಮಾಡಿದರೆ ನೀರು ಉಳಿಯುವುದಿಲ್ಲ, ರೈತ ಉಳಿಯುವುದಿಲ್ಲ.

ಬೆಂಗಳೂರು_ಬಿಲ್
ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ಪುಕ್ಕಟೆ ಕರೆಂಟಿನಿಂದಲೇ ಸಾವಿರ ಅಡಿಗೆ ಹೋಗಿದ್ದಲ್ವಾ?

ಕೋಲಾರ_ಟೊಮೇಟೊ
ಮಳೆ ಇಲ್ಲದ್ದರಿಂದ, ಕೆರೆ ನುಂಗಿದ್ದರಿಂದ, ನೀಲಗಿರಿ ಮರ ನೆಟ್ಟಿದ್ದರಿಂದ. ಎಲ್ಲ ಸೇರಿ.

ನಿರ್ವಾಹಕ
ವೈಯಕ್ತಿಕ ಮಾತು ಬೇಡ. ವಿಷಯದ ಮೇಲೆ ಇರಿ.

ದಾವಣಗೆರೆ_ಡಾಟ್
ಜಗಳ ಆಡದೆ ಒಂದು ದಾರಿ ಇದೆ. ಪಂಜಾಬ್‌ನಲ್ಲಿ 2018ರಲ್ಲಿ ಒಂದು ಯೋಜನೆ ಶುರು ಮಾಡಿದರು. ರೈತರಿಗೆ ಪುಕ್ಕಟೆ ಕರೆಂಟನ್ನು ಹಾಗೇ ಇಟ್ಟು, ತಿಂಗಳಿಗೆ ಇಷ್ಟು ಯೂನಿಟ್ ನಿಮ್ಮ ಪಾಲು ಎಂದು ಹೇಳಿದರು. ಅದಕ್ಕಿಂತ ಕಡಿಮೆ ಬಳಸಿದರೆ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ರೈತನ ಖಾತೆಗೆ. ಸೇರುವುದು ಬಿಡುವುದು ರೈತನ ಇಷ್ಟ.

ಕಾಲೇಜು_ಮೇಷ್ಟ್ರು
ನೋಡಿ, ಒಂದು ಯೂನಿಟ್ ಜಾಸ್ತಿ ಎತ್ತಿದರೆ 4 ರೂಪಾಯಿ ಕೈ ತಪ್ಪುತ್ತದೆ. ತೆರಿಗೆ ಮಾಡುವ ಕೆಲಸವೇ ಇಲ್ಲೂ ಆಯಿತು, ರೈತನ ಜೇಬಿಗೆ ಕೈ ಹಾಕದೆ.

ಕೋಲಾರ_ಟೊಮೇಟೊ
ಇದಾದರೆ ನಾನು ಮೊದಲು ಹೆಸರು ಬರೆಸುತ್ತೇನೆ. ಡ್ರಿಪ್ ಹಾಕಿದವನಿಗೆ ಏನಾದರೂ ಸಿಗಲಿ.

ಮೂಡಿಗೆರೆ_ಮಳೆ
ನಮ್ಮ ಕಡೆಯದೂ ಒಂದು. ಡಿಸೆಂಬರ್‌ನಿಂದ ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆಯುವುದು, ಶುರುವಾದರೆ ಹಳ್ಳದ ನೀರು ಕಂದು, ಹುಳಿ ವಾಸನೆ. ಕೆಳಗಿನ ಊರಿನ ದನ ಕುಡಿಯುವುದಿಲ್ಲ. ಅದಕ್ಕೆ ದಂಡ ಬೇಕು, ಒಪ್ಪುತ್ತೇನೆ. ಆದರೆ ಅದೇ ತೋಟದ ಹಲಸು, ಅತ್ತಿ, ಮತ್ತಿ ಮರಗಳ ನೆರಳಲ್ಲಿ ಕಾಫಿ ಬೆಳೆದು, ಹಕ್ಕಿಗೂ ಹೊಳೆಗೂ ಒಳ್ಳೆಯದು ಮಾಡಿದ್ದಕ್ಕೆ ಯಾರೂ ಏನೂ ಕೊಡುವುದಿಲ್ಲ. ಸಿಲ್ವರ್ ಓಕ್ ನೆಟ್ಟು ಕಡಿದವನಿಗೇ ಲಾಭ. ಹೊರಗೆ ಬೀಳುವ ಖರ್ಚಿಗೆ ತೆರಿಗೆ ಇದ್ದರೆ, ಹೊರಗೆ ಹೋಗುವ ಉಪಕಾರಕ್ಕೂ ಲೆಕ್ಕ ಇರಬೇಕು.

ಜಯನಗರ_ಜಾನಕಿ
ಅತ್ತಿ ಮರದ ಕೆಳಗಿನ ಕಾಫಿ ರುಚಿಯೇ ಬೇರೆ ಎನ್ನುತ್ತಾರೆ, ನಿಜಾನಾ?

ಮೂಡಿಗೆರೆ_ಮಳೆ
ನೆರಳಲ್ಲಿ ಹಣ್ಣು ನಿಧಾನ ಮಾಗುತ್ತದೆ ಅಕ್ಕ. ಒಂದು ಸಲ ಬನ್ನಿ, ಕುಡಿದು ನೋಡಿ.

ಬಾಲ್ಕನಿಗೊಬ್ಬರ
ಎಷ್ಟೊಂದು ತಿಳಿಯಿತು, ಎಲ್ಲರಿಗೂ ಥ್ಯಾಂಕ್ಸ್. ನಗರದ ಶುಲ್ಕ ಬದಲಾಗಲು ಕಾಯುವ ಬದಲು ನಮ್ಮ ಬೀದಿಯ ಪಕ್ಕದ ಅಪಾರ್ಟ್‌ಮೆಂಟ್‌ನವರ ಹತ್ತಿರ ಮಾತಾಡಿದೆ. 80 ಮನೆ. ಅವರು ಕಸದ ಖರ್ಚನ್ನು ಮೇಂಟೆನೆನ್ಸ್‌ನಲ್ಲಿ ಸಮನಾಗಿ ಹಂಚುತ್ತಾರೆ. ತೂಕ ಹಾಕಿ ಬಿಲ್ ಮಾಡೋಣ ಎಂದರೆ ಕೆಲವರು ಒಪ್ಪುತ್ತಿದ್ದಾರೆ. ಯಾವುದಕ್ಕೆ ತೂಕ ಹಾಕಬೇಕು?

ಸೋಲ್_ಕನ್ನಡತಿ
ಒಣ ಕಸಕ್ಕೆ ಹಾಕಲೇಬೇಡಿ, ಬೇರೆ ಮಾಡಿ ಕೊಡಲು ಜನ ಹಿಂಜರಿಯುತ್ತಾರೆ.

ಪೀಣ್ಯ_ಪ್ರಸನ್ನ
ಗೇಟಿನ ಹೊರಗೆ ಕ್ಯಾಮೆರಾ ಮೊದಲು ಹಾಕಿ.

ಕಾಲೇಜು_ಮೇಷ್ಟ್ರು
ಬೇರೆ ಮಾಡದ ಮಿಶ್ರ ಕಸಕ್ಕೆ ಮಾತ್ರ ಹಾಕಿ, ಗುಡ್ಡೆ ಬೀಳುವುದು ಅದೇ. ಡೈಪರ್, ಪ್ಯಾಡ್ ಅದರಲ್ಲಿ ಎಣಿಸಬೇಡಿ. ಎಳೆ ಮಗು ಇರುವ ಮನೆ, ಹಾಸಿಗೆ ಹಿಡಿದ ಹಿರಿಯರಿರುವ ಮನೆ ಅದನ್ನು ಕಡಿಮೆ ಮಾಡಲಾರದು. ಹಸಿ ಕಸಕ್ಕೆ ಮೊದಲ ಆರು ತಿಂಗಳು ತೂಕ ಬರೆದಿಟ್ಟು ಎಲ್ಲರಿಗೂ ತೋರಿಸಿ, ಬಿಲ್ ಮಾಡಬೇಡಿ. ಬಂದ ದುಡ್ಡನ್ನು ಎಲ್ಲ ಮನೆಗೂ ಸಮನಾಗಿ ಮೇಂಟೆನೆನ್ಸ್‌ನಲ್ಲಿ ಕಳೆಯಿರಿ. ಕಳೆದದ್ದು ಬಿಲ್ಲಿನಲ್ಲಿ ಬೇರೆ ಸಾಲಾಗಿ ಕಾಣಲಿ, ಟೊರಾಂಟೊದಲ್ಲಿ ಕಾಣದೇ ಹೋದದ್ದು ಅದೇ. ತಕ್ಕಡಿ ಹತ್ತಿರ ನಿಲ್ಲುವ ಹೌಸ್‌ಕೀಪಿಂಗ್‌ನವರಿಗೆ ಆ ಕೆಲಸಕ್ಕೆ ಸಂಬಳ ಸೇರಿಸಿ.

ಬಾಲ್ಕನಿಗೊಬ್ಬರ
ಭಾನುವಾರ ಮೀಟಿಂಗ್ ಇದೆ. ಇದನ್ನೇ ಪ್ರಿಂಟ್ ತೆಗೆದು ಒಯ್ಯುತ್ತೇನೆ.